ಇಪ್ಪತ್ತು ನಿಮಿಷದ ಕೆಲಸ

ಐವಿಎಫ್ ಚಿಕಿತ್ಸೆ ಮಾಡಿಸಿಕೊಂಡ ಹೆಂಗಸರನ್ನು ಕೇಳಿ ನೋಡಿ. ಅಂಡಾಣು ತೆಗೆಯುವ ದಿನದ ಬಗ್ಗೆ ಅವರಿಗೆ ಮೊದಲೇ ಹೇಳಿದ್ದ ಮಾತು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: 'ಇಪ್ಪತ್ತು ನಿಮಿಷದ ಕೆಲಸ. ನಿದ್ದೆಯಲ್ಲಿರ್ತೀರಿ. ಸಂಜೆಗೆ ಮನೆಗೆ ಹೋಗಬಹುದು.' ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದ ಹಾಗಾಗಲಿಲ್ಲವಲ್ಲ ಎಂಬ ಕಸಿವಿಸಿ ಕೇಳಿದವರಿಗೆ ಆಮೇಲೆ ಉಳಿಯುತ್ತದೆ. ಆ ಕಸಿವಿಸಿಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಒಬ್ಬರ ಮೈಗೆ ಮುಂದೆ ಆಗಲಿರುವುದನ್ನು ಇನ್ನೊಬ್ಬರು ಮುಂಚಿತವಾಗಿ ಹೇಳುತ್ತಾರಲ್ಲ, ಅದು ಎಂಥ ಕೆಲಸ? ಅದನ್ನು ನಿಜವಾಗಿ ಮಾಡಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಕೆಳಗೆ ಸಹಿ ಹಾಕಿಸಿಕೊಳ್ಳುವ ಆ ಒಪ್ಪಿಗೆ ಪತ್ರಕ್ಕೆ ಏನು ಅರ್ಥ?

ಮೊದಲು ಆ ಇಪ್ಪತ್ತು ನಿಮಿಷದ ಆಚೀಚೆ ಏನಿದೆ ನೋಡೋಣ. ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡಾಣು ಬಲಿತು ಹೊರಬರುತ್ತದೆ. ಅದರ ಜೊತೆಗೆ ಬೆಳೆಯಲು ಹೊರಟ ಉಳಿದವು ಅಲ್ಲೇ ಸೊರಗಿಹೋಗುತ್ತವೆ. ಚಿಕಿತ್ಸೆಯಲ್ಲಿ ಹಾಗೆ ಸೊರಗಲಿದ್ದವನ್ನೂ ಬೆಳೆಸಬೇಕು. ಅದಕ್ಕಾಗಿ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನದಿಂದ ಹಾರ್ಮೋನಿನ ಇಂಜೆಕ್ಷನ್ನು ಶುರುವಾಗುತ್ತದೆ. ಹತ್ತು ಹನ್ನೆರಡು ದಿನ, ದಿನವೂ, ಹೊಕ್ಕುಳಿನ ಅಕ್ಕಪಕ್ಕ. ಎಷ್ಟೋ ಮಂದಿ ತಾವೇ ಚುಚ್ಚಿಕೊಳ್ಳುತ್ತಾರೆ. ಔಷಧಿ ಫ್ರಿಜ್ಜಿನ ಬಾಗಿಲಲ್ಲಿ, ಮೊಸರಿನ ಪ್ಯಾಕೆಟ್ಟಿನ ಪಕ್ಕ ಇರುತ್ತದೆ. ನಡುವೆ ಇನ್ನೊಂದು ಇಂಜೆಕ್ಷನ್ನು ಸೇರುತ್ತದೆ, ಅಂಡಾಣುಗಳು ಅವಧಿಗೆ ಮುಂಚೆ ತಾವಾಗಿ ಬಿಡುಗಡೆಯಾಗದಿರಲಿ ಎಂದು. ಎರಡು ಮೂರು ದಿನಕ್ಕೊಮ್ಮೆ ಯೋನಿಯ ಮೂಲಕ ಸ್ಕ್ಯಾನು, ರಕ್ತಪರೀಕ್ಷೆ. ಅಂಡಾಣು ಬೆಳೆಯುವ ನೀರುಗುಳ್ಳೆಗಳಿಗೆ ಫಾಲಿಕಲ್ ಎನ್ನುತ್ತಾರೆ. ಅವು ಸುಮಾರು ಹದಿನೆಂಟರಿಂದ ಇಪ್ಪತ್ತು ಮಿಲಿಮೀಟರಿನಷ್ಟು ದಪ್ಪವಾಗುವವರೆಗೆ ಕಾಯಬೇಕು. ಬಾದಾಮಿಯಷ್ಟಿರುವ ಅಂಡಾಶಯದಲ್ಲಿ ಅಂಥವು ಹತ್ತು ಹದಿನೈದು ತುಂಬಿಕೊಂಡರೆ ಹೇಗಿರುತ್ತದೆ? ಹೊಟ್ಟೆ ಬಿಗಿಯುತ್ತದೆ, ಚೂಡಿದಾರದ ಲಾಡಿ ಸಡಿಲ ಮಾಡಿಕೊಳ್ಳಬೇಕಾಗುತ್ತದೆ, ಆಟೋ ಹಂಪ್ ಹತ್ತಿ ಇಳಿದರೆ ಒಳಗೆಲ್ಲ ತುಳುಕಿದ ಹಾಗಾಗುತ್ತದೆ.

ಆಮೇಲೆ ಟ್ರಿಗರ್. ಅಂಡಾಣುಗಳನ್ನು ಕೊನೆಯ ಹಂತಕ್ಕೆ ಬಲಿಸುವ ಈ ಇಂಜೆಕ್ಷನ್ನಿಗೆ ಗಡಿಯಾರ ನೋಡಿಯೇ ಕೂರಬೇಕು. ಅದು ಬಿದ್ದ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಬೇಕು. ಬೇಗನಾದರೆ ಬಲಿತಿರುವುದಿಲ್ಲ, ತಡವಾದರೆ ತಾವೇ ಹೊರಬಂದು ಕೈಗೆ ಸಿಗುವುದಿಲ್ಲ. ಆದ್ದರಿಂದ ಅದು ಅನೇಕ ಸಲ ರಾತ್ರಿ ಹತ್ತೂವರೆಗೋ ಹನ್ನೊಂದಕ್ಕೋ ಬೀಳುತ್ತದೆ. ತೆಗೆಯುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನಮ್ಮಲ್ಲಿ ಸಾಮಾನ್ಯವಾಗಿ ರಕ್ತನಾಳಕ್ಕೆ ಔಷಧಿ ಕೊಟ್ಟು ಅರಿವು ತಪ್ಪಿಸುತ್ತಾರೆ. ಸ್ಕ್ಯಾನಿನ ಕಡ್ಡಿಗೆ ಜೋಡಿಸಿದ ಉದ್ದನೆಯ ಸೂಜಿ ಯೋನಿಯ ಗೋಡೆ ದಾಟಿ ಅಂಡಾಶಯಕ್ಕೆ ಹೋಗುತ್ತದೆ. ಒಂದೊಂದೇ ಗುಳ್ಳೆಯ ನೀರನ್ನು ಹೀರಿ ಬೆಚ್ಚಗಿನ ಟ್ಯೂಬಿಗೆ ತುಂಬುತ್ತಾರೆ. ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತವರು ಆ ನೀರಿನಲ್ಲಿ ಅಂಡಾಣು ಹುಡುಕುತ್ತಾರೆ. ಮನುಷ್ಯರ ಮೈಯ ಜೀವಕೋಶಗಳಲ್ಲೆಲ್ಲ ದೊಡ್ಡದು ಅದೇ. ದೊಡ್ಡದು ಎಂದರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು.

ಈ ಕ್ರಿಯೆಗೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಹೆಸರು 'ಪಿಕಪ್'. 'ನಾಳೆ ಎಂಟೂವರೆಗೆ ನಿಮ್ಮ ಪಿಕಪ್ಪು' ಎಂದು ನರ್ಸ್ ಹೇಳಿದರೆ ಟ್ಯಾಕ್ಸಿ ಬುಕ್ ಮಾಡಿದ ಹಾಗೆ ಕೇಳಿಸುತ್ತದೆ. ಇಂಗ್ಲಿಷಿನವರ ಪುಸ್ತಕಗಳಲ್ಲಿ 'ರಿಟ್ರೀವಲ್' ಎಂದಿರುತ್ತದೆ, ಎಲ್ಲೋ ಕಳೆದುಹೋಗಿದ್ದನ್ನು ಮರಳಿ ಪಡೆದ ಹಾಗೆ. ನಮ್ಮ ಮನೆಗಳಲ್ಲಿ ಹೆಂಗಸರು ಹೇಳುವುದು ಇನ್ನೂ ನೇರ: 'ಮೊಟ್ಟೆ ತೆಗೆದ್ರು.' ನನಗೆ ಇದೇ ಪ್ರಾಮಾಣಿಕ ಅನ್ನಿಸುತ್ತದೆ. ತೆಗೆಯುವವರೊಬ್ಬರು, ತೆಗೆಸಿಕೊಂಡವರೊಬ್ಬರು ಇದ್ದಾರೆಂಬುದು ಇಲ್ಲಿ ಮರೆಯಾಗುವುದಿಲ್ಲ.

ಎಚ್ಚರವಾದ ಮೇಲೆ ಮುಟ್ಟಿನ ನೋವಿನಂಥ ನೋವು, ಸ್ವಲ್ಪ ರಕ್ತ, ಒಂದೆರಡು ದಿನ ಹೊಟ್ಟೆಯುಬ್ಬರ. ಬಹಳ ಮಂದಿಗೆ ಇಷ್ಟೇ. ಕೆಲವರಿಗೆ ಅಂಡಾಶಯಗಳು ಅತಿಯಾಗಿ ಕೆರಳಿ ಹೊಟ್ಟೆಯೊಳಗೆ ನೀರು ತುಂಬಿಕೊಳ್ಳುತ್ತದೆ. ತೂಕ ಎರಡೇ ದಿನದಲ್ಲಿ ಏರುವುದು, ಮೂತ್ರ ಕಡಿಮೆಯಾಗುವುದು, ಉಸಿರಾಡಲು ಕಷ್ಟವಾಗುವುದು, ಇವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಈಗ ಟ್ರಿಗರ್ ಔಷಧಿ ಬದಲಿಸಿ, ಭ್ರೂಣಗಳನ್ನು ಕೂಡಲೇ ಗರ್ಭಕ್ಕೆ ಸೇರಿಸದೆ ಶೈತ್ಯದಲ್ಲಿಟ್ಟು ಈ ಅಪಾಯವನ್ನು ಬಹಳ ತಗ್ಗಿಸಿದ್ದಾರೆ. ತೀವ್ರ ಸ್ವರೂಪದ್ದು ವಿರಳ, ಆದರೆ ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ.

ಇಷ್ಟನ್ನು ಯಾರಾದರೂ ಹೇಳಬಹುದು. ಒಳ್ಳೆಯ ವೈದ್ಯರು ಹೇಳುತ್ತಾರೆ ಕೂಡ. ಕಷ್ಟವಿರುವುದು ಲೆಕ್ಕದಲ್ಲಿ.

ಹದಿನೈದು ಗುಳ್ಳೆಗಳು ಸ್ಕ್ಯಾನಿನಲ್ಲಿ ಕಂಡವು ಅನ್ನಿ. ಅವುಗಳಲ್ಲಿ ಸಿಕ್ಕ ಅಂಡಾಣು ಹನ್ನೆರಡು. ಬಲಿತವು ಒಂಬತ್ತು. ಮರುದಿನ ಬೆಳಿಗ್ಗೆ ಲ್ಯಾಬಿನಿಂದ ಫೋನು, ಫಲಿತವಾದವು ಆರು. ಐದನೆಯ ದಿನ ಇನ್ನೊಂದು ಫೋನು, ಗರ್ಭಕ್ಕೆ ಸೇರಿಸಲು ಯೋಗ್ಯವಾಗಿ ಬೆಳೆದವು ಎರಡು. ಇದು ನಾನು ಉದಾಹರಣೆಗೆ ಮಾಡಿದ ಲೆಕ್ಕ. ಆದರೆ ಇಳಿಯುವ ರೀತಿ ಹೀಗೆಯೇ, ಮತ್ತು ಹೀಗೆ ಇಳಿದರೆ ಅದು ಸೋಲಲ್ಲ, ಸಾಧಾರಣ ಸಂಗತಿ. ಮೊದಲೇ ತಿಳಿಯದ ಹೆಂಗಸಿಗೆ ಮಾತ್ರ ಪ್ರತಿ ಫೋನೂ ಒಂದು ಸಾವಿನ ಸುದ್ದಿ. 'ಹನ್ನೆರಡು ಸಿಕ್ಕವು!' ಎಂದು ಮಂಪರಿನಲ್ಲಿರುವವಳ ಕಿವಿಯಲ್ಲಿ ಹೇಳಿ ಕೈಯದುಮುವ ನರ್ಸಿನ ಪ್ರೀತಿ ನಿಜವಾದದ್ದೇ. ಆದರೆ ಆ ಸಂಖ್ಯೆ ಅವಳ ತಲೆಯಲ್ಲಿ ಹನ್ನೆರಡು ಮಕ್ಕಳ ಹಾಗೆ ಕೂರುತ್ತದೆ. ಅರಳಿಮರ ಸುತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿಕೊಂಡಳಂತೆ ಎಂದು ನಮ್ಮಲ್ಲಿ ಗಾದೆ ಮಾಡಿ ನಕ್ಕಿದ್ದಾರೆ. ಈ ಚಿಕಿತ್ಸೆಯಲ್ಲಿ ದಿನವೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುವುದೇ ವಿಧಾನ, ಮಿಲಿಮೀಟರಿನಲ್ಲಿ ಬರೆದು ಕೈಗೂ ಕೊಡುತ್ತಾರೆ. ಅವಸರಪಡಬೇಡ ಎಂದು ಅಂಥವಳಿಗೆ ಯಾರು ಹೇಳಬೇಕು?

ಕನ್ನಡದಲ್ಲಿ 'ನಿರೀಕ್ಷೆ' ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಮುಂದೆ ಬರುವುದೆಂದು ತಿಳಿದಿರುವುದೂ ನಿರೀಕ್ಷೆ, ಬರಲಿ ಎಂದು ಹಂಬಲಿಸುವುದೂ ನಿರೀಕ್ಷೆ. ಮೊದಲನೆಯದನ್ನು ಕೊಡುವುದು ವೈದ್ಯರ ಕರ್ತವ್ಯ, ಎರಡನೆಯದನ್ನು ಮಿತಿಯಲ್ಲಿಡುವುದು ಅವಳ ಹೊಣೆ ಎಂದು ನಾವು ಸಲೀಸಾಗಿ ಹಂಚಿಬಿಡುತ್ತೇವೆ. ಆದರೆ ಮೊದಲನೆಯದನ್ನು ಅರೆಬರೆ ಕೊಟ್ಟರೆ ಎರಡನೆಯದು ಆ ಖಾಲಿ ಜಾಗಕ್ಕೆಲ್ಲ ಹರಡುತ್ತದೆ. ಇದನ್ನು ಬಲ್ಲ ಕೆಲವು ಆಸ್ಪತ್ರೆಗಳು ಬೇಕೆಂದೇ ಅರೆಬರೆ ಹೇಳುತ್ತವೆ ಎಂಬ ಗುಮಾನಿ ನನಗಿದೆ. ರಸ್ತೆಬದಿಯ ಫಲಕಗಳಲ್ಲಿ ಮಗು ನಗುತ್ತಿರುತ್ತದೆ. ಸೂಜಿಯ ಚಿತ್ರ ಹಾಕಿದ ಫಲಕವನ್ನು ನಾನಂತೂ ಕಂಡಿಲ್ಲ.

ಚರಿತ್ರೆಯಲ್ಲೂ ಇದು ಹೀಗೆಯೇ ಶುರುವಾಯಿತು. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದಕ್ಕೆ ಮೊದಲು ಪ್ಯಾಟ್ರಿಕ್ ಸ್ಟೆಪ್ಟೋ, ರಾಬರ್ಟ್ ಎಡ್ವರ್ಡ್ಸ್ ಮತ್ತು ಜೀನ್ ಪರ್ಡಿ ಸೇರಿ ಇನ್ನೂರಕ್ಕೂ ಹೆಚ್ಚು ಹೆಂಗಸರಲ್ಲಿ ಪ್ರಯತ್ನಿಸಿದ್ದರು. ಲೂಯಿಸಳ ತಾಯಿ ಲೆಸ್ಲಿ ಬ್ರೌನ್‌ಗೆ ಹಾರ್ಮೋನು ಕೊಟ್ಟಿರಲಿಲ್ಲ. ಸಹಜವಾಗಿ ಬಲಿತ ಒಂದೇ ಒಂದು ಅಂಡಾಣುವನ್ನು ಹೊಟ್ಟೆಗೆ ತೂತು ಮಾಡಿ ಲ್ಯಾಪರೋಸ್ಕೋಪಿನ ಸಹಾಯದಿಂದ ತೆಗೆದಿದ್ದರು. ಈ ವಿಧಾನದಲ್ಲಿ ಅದುವರೆಗೆ ಲೋಕದಲ್ಲಿ ಒಂದು ಮಗುವೂ ಹುಟ್ಟಿಲ್ಲ ಎಂಬುದು ಲೆಸ್ಲಿಗೆ ಗೊತ್ತಿರಲಿಲ್ಲ. ನೂರಾರು ಮಕ್ಕಳು ಹುಟ್ಟಿರಬೇಕು ಎಂದೇ ತಾನು ಎಣಿಸಿದ್ದಾಗಿ, ಕೇಳಲೂ ಹೋಗಲಿಲ್ಲವೆಂದು ಆಕೆಯೇ ಆಮೇಲೆ ಹೇಳಿಕೊಂಡಿದ್ದಾಳೆ. ಆ ಇನ್ನೂರು ಚಿಲ್ಲರೆ ಹೆಂಗಸರ ಹೆಸರುಗಳನ್ನು ಯಾರೂ ನೆನೆಯುವುದಿಲ್ಲ. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು.

ಲೂಯಿಸ್ ಹುಟ್ಟಿದ ಎರಡು ತಿಂಗಳಿಗೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಇನ್ನೊಂದು ಹೆಣ್ಣುಮಗು ಹುಟ್ಟಿತು. ಅವರು ಹಾರ್ಮೋನು ಕೊಟ್ಟು ಹಲವು ಅಂಡಾಣು ಬೆಳೆಸಿದ್ದರು, ಯೋನಿಯ ಮಾರ್ಗದಿಂದ ತೆಗೆದಿದ್ದರು, ಭ್ರೂಣವನ್ನು ಶೈತ್ಯದಲ್ಲಿಟ್ಟಿದ್ದರು. ಇಂದು ನಡೆಯುವುದು ಸ್ಟೆಪ್ಟೋ ದಾರಿಗಿಂತ ಈ ದಾರಿಗೇ ಹತ್ತಿರ. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1997ರಲ್ಲಿ ಟಿ.ಸಿ. ಆನಂದ್ ಕುಮಾರ್ ಅವರು ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲಿಗರು ಅವರೇ ಎಂದು ನಮ್ಮ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. (ಗಾಂಧಾರಿಯ ನೂರೊಂದು ತುಪ್ಪದ ಕೊಡಗಳನ್ನು ತೋರಿಸಿ ಐವಿಎಫ್ ನಮ್ಮಲ್ಲೇ ಇತ್ತು ಎನ್ನುವವರು ಮುಖರ್ಜಿಯವರ ಹೆಸರು ಹೇಳುವುದನ್ನು ನಾನು ಕೇಳಿದ್ದು ಕಡಿಮೆ. ಆ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೊಡಗಳಲ್ಲ, ಕುಂತಿಗೆ ಮಗುವಾಯಿತೆಂದು ಕೇಳಿ ತನ್ನ ಹೊಟ್ಟೆಯನ್ನು ತಾನೇ ಗುದ್ದಿಕೊಂಡ ಗಾಂಧಾರಿಯ ಮುಷ್ಟಿ.)

ಈಗ ಕಷ್ಟದ ಪ್ರಶ್ನೆಗೆ ಬರೋಣ. ಅಮೆರಿಕದ ತತ್ತ್ವಜ್ಞಾನಿ ಎಲ್.ಎ. ಪಾಲ್ 2014ರಲ್ಲಿ ತಂದ ಪುಸ್ತಕವೊಂದರಲ್ಲಿ ಒಂದು ವಾದ ಮಾಡುತ್ತಾರೆ. ಕೆಲವು ಅನುಭವಗಳು ನಮ್ಮನ್ನೇ ಬದಲಿಸಿಬಿಡುತ್ತವೆ, ತಾಯ್ತನ ಅಂಥದ್ದು. ಅದನ್ನು ದಾಟುವ ಮುನ್ನ ಅದು ಹೇಗಿರುತ್ತದೆಂದು ತಿಳಿಯಲು ದಾರಿಯೇ ಇಲ್ಲ, ಹಾಗಾಗಿ ಹೇಗಿರುತ್ತದೆಂದು ಊಹಿಸಿ, ತೂಗಿ ನೋಡಿ ಆರಿಸಿಕೊಂಡೆ ಎನ್ನುವ ಮಾತಿಗೆ ಬುಡವಿಲ್ಲ. ಇದನ್ನು ಅಂಡಾಣು ತೆಗೆಯುವುದಕ್ಕೂ ಅನ್ವಯಿಸಿ, 'ಎಷ್ಟು ಹೇಳಿದರೂ ಗೊತ್ತಾಗಲ್ಲ, ಹಾಗಾದರೆ ಯಾಕೆ ಹೆದರಿಸಬೇಕು?' ಎನ್ನುವವರಿದ್ದಾರೆ. ವೈದ್ಯರಷ್ಟೇ ಅಲ್ಲ, ಅತ್ತೆಯರೂ ಅಕ್ಕಂದಿರೂ ಇದನ್ನೇ ಹೇಳುವುದು. ಹೆರಿಗೆಯ ಬಗ್ಗೆಯೂ ತಲೆತಲಾಂತರದಿಂದ ಹೀಗೇ ಹೇಳುತ್ತ ಬಂದಿದ್ದೇವೆ.

ನನ್ನ ಗೆಳತಿಯೊಬ್ಬಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎರಡು ಸಲ ಈ ಚಿಕಿತ್ಸೆ ಮಾಡಿಸಿಕೊಂಡಳು. ಮೊದಲ ಸಲ ಇಪ್ಪತ್ತು ನಿಮಿಷದ ಮಾತು ನಂಬಿ ಒಂದೇ ದಿನ ರಜೆ ಹಾಕಿದ್ದಳು. ಮರುದಿನ ಮೂರು ಕ್ಲಾಸು, ಎರಡು ಮಹಡಿ ಮೆಟ್ಟಿಲು. ಎರಡನೆಯ ಕ್ಲಾಸಿನ ನಡುವೆ ಮೇಜು ಹಿಡಿದು ಕೂತುಬಿಟ್ಟಳಂತೆ. 'ಎಲ್ಲ ಮೊದಲೇ ಬಿಡಿಸಿ ಹೇಳಿದ್ದಿದ್ರೆ ಬೇಡ ಅಂತಿದ್ಯೇನೇ?' ಎಂದು ಕೇಳಿದೆ. 'ಇಲ್ಲ ಕಣೇ, ಮಾಡಿಸ್ಕೊಳ್ತಿದ್ದೆ. ಮೂರು ದಿನ ರಜೆ ಹಾಕ್ತಿದ್ದೆ ಅಷ್ಟೆ' ಅಂದಳು.

ಪಾಲ್ ಅವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಮುಂಚಿತವಾಗಿ ಹೇಳುವುದು ತೀರ್ಮಾನ ಬದಲಿಸಲಿ ಎಂದಲ್ಲ. ಅನುಭವವನ್ನು ಯಾರೂ ಕೈಗೆ ಕೊಡಲಾರರು, ಒಪ್ಪಿದೆ. ಆದರೆ ರಜೆ ಹಾಕುವುದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು, ರಾತ್ರಿ ಹೊಟ್ಟೆಯುಬ್ಬಿದಾಗ ಇದು ಸಹಜದ್ದೋ ಅಲ್ಲವೋ ಎಂದು ಗುರುತಿಸುವುದು, ಇವೆಲ್ಲ ಹೇಳಿ ತಿಳಿಸಬಹುದಾದವು. ಹೇಳಲಾಗದ್ದು ಒಂದಿದೆ ಎಂಬುದನ್ನು ನೆಪ ಮಾಡಿಕೊಂಡು ಹೇಳಬಹುದಾದ ಹತ್ತನ್ನು ನುಂಗುವುದು ಸರಿಯಲ್ಲ.

ಇನ್ನೊಂದು ಕಾರಣವೂ ಇದೆ, ಅದು ಹೆಚ್ಚು ಭಾರದ್ದು. 2020ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಯೇಲ್ ವಿಶ್ವವಿದ್ಯಾಲಯದ ಫಲವತ್ತತೆ ಚಿಕಿತ್ಸಾಲಯದಲ್ಲಿ ಅಂಡಾಣು ತೆಗೆಸಿಕೊಳ್ಳುತ್ತಿದ್ದ ಹಲವು ಹೆಂಗಸರು ಸೂಜಿ ಒಳಹೋಗುವಾಗ ತಡೆಯಲಾಗದ ನೋವೆಂದು ಕೂಗಿಕೊಂಡರು. ಅಲ್ಲಿ ಪೂರ್ತಿ ಅರಿವು ತಪ್ಪಿಸದೆ ಫೆಂಟನಿಲ್ ಎಂಬ ನೋವುನಿವಾರಕ ಕೊಟ್ಟು ಮಾಡುತ್ತಿದ್ದರು. ಕೊಡಬಹುದಾದಷ್ಟು ಕೊಟ್ಟಾಗಿದೆ ಎಂಬ ಉತ್ತರ ಬಂತು. ಕಡೆಗೆ ಗೊತ್ತಾದದ್ದೇನೆಂದರೆ, ವ್ಯಸನಕ್ಕೆ ಬಿದ್ದಿದ್ದ ನರ್ಸೊಬ್ಬಳು ಔಷಧಿ ಕದ್ದು ಬಾಟಲಿಗಳಿಗೆ ಉಪ್ಪುನೀರು ತುಂಬಿಡುತ್ತಿದ್ದಳು. ಹೆಂಗಸರ ಮೈಗೆ ಹೋಗುತ್ತಿದ್ದದ್ದು ಬಹುಪಾಲು ಆ ಉಪ್ಪುನೀರು. ಆಕೆ ತಪ್ಪೊಪ್ಪಿಕೊಂಡಳು. ನಾಲ್ಕು ವಾರಾಂತ್ಯಗಳ ಜೈಲು ಮತ್ತು ಕೆಲವು ತಿಂಗಳ ಗೃಹಬಂಧನದ ಶಿಕ್ಷೆಯಾಯಿತು. 2023ರಲ್ಲಿ 'ದ ರಿಟ್ರೀವಲ್ಸ್' ಎಂಬ ಧ್ವನಿಸರಣಿ ಆ ಹೆಂಗಸರ ಮಾತುಗಳನ್ನು ಕೇಳಿಸಿತು.

ನರ್ಸಿನ ಅಪರಾಧ ಅರ್ಥವಾಗುತ್ತದೆ. ನನಗೆ ನಿದ್ದೆಗೆಡಿಸುವುದು ಉಳಿದವರ ಕಿವಿ. ತಿಂಗಳುಗಟ್ಟಲೆ ಒಬ್ಬರ ಹಿಂದೊಬ್ಬರು ಕೂಗಿದರೂ ಬಾಟಲಿಯಲ್ಲೇನಿದೆ ಎಂದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಏಕೆಂದರೆ 'ಸ್ವಲ್ಪ ನೋವಾಗಬಹುದು' ಎಂದು ಮೊದಲೇ ಹೇಳಿಯಾಗಿತ್ತು. ಆ 'ಸ್ವಲ್ಪ' ಎಷ್ಟೆಂದು ಗೆರೆ ಎಳೆದಿರಲಿಲ್ಲ, ಹಾಗಾಗಿ ಎಷ್ಟು ದೊಡ್ಡ ಕೂಗೂ ಅದರೊಳಗೆ ಹಿಡಿಸಿಹೋಯಿತು. ಹೆಂಗಸರಲ್ಲೇ ಕೆಲವರು, ತಮ್ಮ ಮೈಯೇ ಹೀಗಿರಬೇಕು, ಉಳಿದವರೆಲ್ಲ ತಡೆದುಕೊಳ್ಳುತ್ತಾರಲ್ಲ ಎಂದುಕೊಂಡು ಸುಮ್ಮನಾದರು. ಮುಂಚಿತವಾಗಿ ಹೇಳುವ ಮಾತು ಇಲ್ಲಿ ಕೇಳುವವಳನ್ನು ಸಿದ್ಧಪಡಿಸಲಿಲ್ಲ, ಆಮೇಲೆ ಅವಳು ಹೇಳುವುದು ಯಾರಿಗೂ ಕೇಳಿಸದ ಹಾಗೆ ಮಾಡಿತು. ಏನನ್ನು ನಿರೀಕ್ಷಿಸಬೇಕು ಎಂಬುದರಷ್ಟೇ ಸ್ಪಷ್ಟವಾಗಿ ಏನನ್ನು ನಿರೀಕ್ಷಿಸಬಾರದು, ಯಾವುದನ್ನು ಸಹಿಸಬೇಕಾಗಿಲ್ಲ ಎಂದೂ ಹೇಳಬೇಕು. ನೈತಿಕ ಭಾರವೆಲ್ಲ ಈ ಎರಡನೆಯದರಲ್ಲಿದೆ ಎಂದು ನನ್ನ ಎಣಿಕೆ.

ನೋವಿರುವವರಿಗೆ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ, ಹೊರಗಿನವರಿಗೆ ಅದರಷ್ಟು ಸಂಶಯಕ್ಕೆಡೆಯಾದದ್ದು ಇನ್ನೊಂದಿಲ್ಲ ಎಂಬರ್ಥದ ಮಾತನ್ನು ಎಲೇನ್ ಸ್ಕ್ಯಾರಿ 1985ರ ತಮ್ಮ ಪುಸ್ತಕದಲ್ಲಿ ವಿಸ್ತರಿಸಿದರು. ನಮ್ಮ ಅಕ್ಕಮಹಾದೇವಿ ಎಂಟು ಶತಮಾನದ ಹಿಂದೆಯೇ ಒಂದು ವಚನದಲ್ಲಿ ನೋಯದವರಿಗೆ ನೊಂದವರ ನೋವು ತಿಳಿಯದೆಂದು ಹೇಳಲು ಮೊದಲ ದೃಷ್ಟಾಂತವಾಗಿ ಆರಿಸಿಕೊಂಡದ್ದು ಬಂಜೆಯನ್ನು. ಹೆರಿಗೆಯ ಬೇನೆ ಅರಿಯದವಳು ಎಂದು. ಪಾಠ ಮಾಡುವಾಗ ಆ ವಚನ ಬಂದರೆ ನನ್ನ ಗೆಳತಿ ಈಗ ಒಂದು ಗಳಿಗೆ ತಡೆಯುತ್ತಾಳಂತೆ. ಮಗುವಿಲ್ಲದವಳ ಮೈಗೂ ಅವಳದೇ ಬೇನೆ ಇದೆ, ಅದಕ್ಕೆ ಮಾತ್ರ ವಚನವೂ ಇಲ್ಲ, ಹಾಡೂ ಇಲ್ಲ, ಬಾಣಂತನವೂ ಇಲ್ಲ. ಅಂಡಾಣು ತೆಗೆಸಿಕೊಂಡು ಬಂದವಳಿಗೆ ಬಿಸಿನೀರು ಕಾಯಿಸಿ ಎರೆಯುವ ಸಂಪ್ರದಾಯವನ್ನು ಯಾವ ಅಜ್ಜಿಯೂ ಕಟ್ಟಿಲ್ಲ.

'ಬಂಜೆ' ಪದದ ಇನ್ನೊಂದು ವಿಚಿತ್ರ ಎಂದರೆ ಅದಕ್ಕೆ ಪುಲ್ಲಿಂಗವಿಲ್ಲ. ಗಂಡಸಿಗೆ ಹೇಳುವ ಬೈಗುಳಗಳಿವೆ, ಆದರೆ ಅವು ಬೇರೆಯ ಕೊರತೆಯನ್ನು ಹೇಳುತ್ತವೆ. ಮಗುವಾಗದಿರುವುದಕ್ಕೆ ಅವನ ಕಡೆಯಿಂದ ಭಾಷೆಯಲ್ಲಿ ಜಾಗವೇ ಇಲ್ಲ. ನನ್ನ ಗೆಳತಿಯ ದೇಹದಲ್ಲಿ ತೊಂದರೆಯೇನೂ ಇರಲಿಲ್ಲ. ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದದ್ದು ಅವಳ ಗಂಡನಲ್ಲಿ. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸಿ ಮಕ್ಕಳು ಹುಟ್ಟಿದ್ದನ್ನು ಪ್ರಕಟಿಸಿದ ಮೇಲೆ ಅಂಥ ಗಂಡಸರಿಗೂ ತಂದೆಯಾಗುವ ದಾರಿ ತೆರೆಯಿತು. ಆದರೆ ಸೂಜಿ ಚುಚ್ಚಲು ಅಂಡಾಣು ಹೊರಗೆ ಬೇಕಲ್ಲ? ಅವನ ಕೊರತೆಗೆ ಹನ್ನೆರಡು ದಿನ ಇಂಜೆಕ್ಷನ್ನು ಅವಳಿಗೆ. ಕುಕ್ಕೆಗೆ ಇಬ್ಬರೂ ಹೋಗಿಬಂದರು, ಊಟದ ಪಥ್ಯ ಅವಳಿಗೆ. ನೆಂಟರಿಷ್ಟರ ನಡುವೆ ಬಳಕೆಯಲ್ಲಿದ್ದ ವಾಕ್ಯ, 'ಅವಳಿಗೆ ಟ್ರೀಟ್‌ಮೆಂಟ್ ನಡೀತಿದೆ.' ಗಂಡನೇ ಆ ವಾಕ್ಯವನ್ನು ಒಂದು ಮದುವೆಮನೆಯಲ್ಲಿ ತಿದ್ದಿದನಂತೆ, 'ನಮಗೆ' ಎಂದು. 'ಮಗುವಾದಾಗಲೂ ಅಷ್ಟು ಅತ್ತಿರಲಿಲ್ಲ ಕಣೇ' ಅಂದಳು ಅವಳು. ಅಂದ ಹಾಗೆ, ಎರಡನೆಯ ಸಲ ಮಗುವಾಯಿತು. ಆಗದಿದ್ದರೂ ಇಲ್ಲಿ ಬರೆದದ್ದರಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಇದರಲ್ಲಿ ಅನ್ಯಾಯವಿದೆಯೇ? ದೇಹಗಳ ರಚನೆಯೇ ಹಾಗಿರುವಾಗ ಯಾರನ್ನು ದೂರುವುದು? ಸಮಪಾಲು ಸಾಧ್ಯವಿಲ್ಲ, ನಿಜ. ಸಮಪಾಲು ಆಗದ ಕಡೆ ಋಣವಾದರೂ ಲೆಕ್ಕದಲ್ಲಿ ಇರಬೇಕು. ಅದನ್ನು ಅವಳ ಕರ್ತವ್ಯದ ಖಾತೆಗೆ ಬರೆದುಬಿಟ್ಟಾಗ ಅನ್ಯಾಯ ಶುರುವಾಗುತ್ತದೆ.

ಋಣದ ಮಾತು ಬಂದಾಗ ಇನ್ನೊಬ್ಬಳ ಬಗ್ಗೆ ಹೇಳದೆ ಮುಗಿಸಲಾಗದು. ತನ್ನದಲ್ಲದ ಮಗುವಿಗಾಗಿ ಅಂಡಾಣು ಕೊಡುವವಳು. 2010ರಲ್ಲಿ ಮುಂಬೈಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಹೀಗೆ ಅಂಡಾಣು ಕೊಟ್ಟ ಕೆಲವೇ ದಿನಗಳಲ್ಲಿ ಸತ್ತಳು. ಭಾರತದಲ್ಲಿ ಇದಕ್ಕೊಂದು ಕಾನೂನು ಬಂದದ್ದು 2021ರಲ್ಲಿ. ಅದರ ಪ್ರಕಾರ ದಾನಿಯ ವಯಸ್ಸು 23ರಿಂದ 35 ಇರಬೇಕು, ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯಬಾರದು, ಚಿಕಿತ್ಸೆ ಬಯಸಿದ ದಂಪತಿಯೇ ಆಕೆಗೆ ಹನ್ನೆರಡು ತಿಂಗಳ ವಿಮೆ ಮಾಡಿಸಬೇಕು. ಉದ್ದೇಶ ಒಳ್ಳೆಯದು. ಆದರೆ ಅಂಡಾಶಯಕ್ಕೆ ಕಾನೂನು ಓದಲು ಬರುವುದಿಲ್ಲ. ಇಂಜೆಕ್ಷನ್ನು ಕೊಟ್ಟ ಮೇಲೆ ಅದು ಏಳಕ್ಕೇ ನಿಲ್ಲುವುದೆಂದು ಯಾರು ಹೇಳಿಯಾರು? ಇನ್ನು ಹಣ. ಅಂಡಾಣುವನ್ನು ಮಾರಕೂಡದು, ಅದು ದಾನ. ಈ ದಾನದ ಸುತ್ತ ವೈದ್ಯರು, ಲ್ಯಾಬಿನವರು, ಔಷಧಿ ಕಂಪನಿ, ಬ್ಯಾಂಕು ಎಲ್ಲರಿಗೂ ಬಿಲ್ಲಿದೆ. ಬಿಲ್ಲು ಮಾಡುವ ಹಕ್ಕಿಲ್ಲದವಳು ಮಂಚದ ಮೇಲೆ ಮಲಗಿದವಳೊಬ್ಬಳೇ. ಮಾರಾಟಕ್ಕೆ ಅವಕಾಶ ಕೊಟ್ಟರೆ ಬಡವರ ಮನೆಯ ಹೆಣ್ಣುಮಕ್ಕಳನ್ನು ದಲ್ಲಾಳಿಗಳು ಮುಕ್ಕುತ್ತಾರೆ ಎಂಬ ಭಯ ಸುಳ್ಳಲ್ಲ. ಹಣ ಕೊಡದಿದ್ದರೆ ದಲ್ಲಾಳಿಗಳು ಇರುವುದಿಲ್ಲ ಎಂಬ ನಂಬಿಕೆ ಮಾತ್ರ ನನಗೆ ಬರುತ್ತಿಲ್ಲ.

ನನ್ನ ಗೆಳತಿಗೆ ಇಂಜೆಕ್ಷನ್ನು ಚುಚ್ಚಿಕೊಳ್ಳುವಾಗ ಕಣ್ಣ ಮುಂದೆ ಏನೋ ಒಂದಿತ್ತು. ನೋವನ್ನು ಹಂಬಲ ಎತ್ತಿ ಹಿಡಿದಿತ್ತು. ಈ ಇನ್ನೊಬ್ಬಳಿಗೂ ಅವೇ ಹನ್ನೆರಡು ದಿನ, ಅದೇ ಟ್ರಿಗರ್, ಅದೇ ಸೂಜಿ. ಸಂಜೆ ಅವಳು ಮನೆಗೆ ಹೋಗಿ ಸ್ವಂತ ಮಕ್ಕಳಿಗೆ ಅನ್ನಕ್ಕಿಡಬೇಕು. ಎಷ್ಟು ಫಲಿತವಾದವೆಂದು ತಿಳಿಸುವ ಫೋನು ಮರುದಿನ ಬೆಳಿಗ್ಗೆ ಅವಳಿಗೆ ಬರುವುದಿಲ್ಲ. ಹೊಟ್ಟೆ ಉಬ್ಬಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳುವ ಫೋನು ಬಂದರೆ ಅದು ಒಳ್ಳೆಯ ಆಸ್ಪತ್ರೆ.